ಎಡಗೈಯ ದಮ್ಮಡಿ

ಎಮ್ಮೆಯ ಮೇವಿಗೆ ಕಣಕಿ ಕತ್ತರಿಸುವ ಮಷಿನ್ನಿಗೆ ನನ್ನ ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು. ಮಗ ಮಷಿನ್ನನ್ನೇ ಮಾರಿಬಿಡುತ್ತೇನೆ ಎಂದ. ಎಮ್ಮೆ ಏನು ತಿನ್ನಬೇಕು ಎಂದು ಕೇಳಿದೆ.

ನನಗೆ ಬೆರಳಿಗಿಂತ ದಮ್ಮಡಿಯ ಚಿಂತೆ ಹೆಚ್ಚಾಯಿತು. ನಮ್ಮೂರು ಮುಚ್ಚಂಡಿಯ ಗುಡಿಯಲ್ಲಿ ಸೋಮವಾರ ಸಂಜೆಯ ಭಜನೆಗೆ, ಮದುವೆಯಾಗಿ ಬಂದಾಗಿನಿಂದ, ದಮ್ಮಡಿ ಬಾರಿಸಿದವಳು ನಾನು. ಅತ್ತೆ ಕಲಿಸಿದ್ದು. ಶಾಲೆ ಎರಡನೆಯ ಇಯತ್ತೆಗೆ ಮುಗಿದಿತ್ತು. ಕಲಿತು ಮರೆಯದ ವಿದ್ಯೆ ಇದೊಂದೇ. ಎಡಗೈಯಲ್ಲಿ ಹಿಡಿದು ಬಲಗೈ ಬೆರಳಿನಿಂದ ಚರ್ಮದ ಮೇಲೆ ಬಾರಿಸಬೇಕು. ನಾನು ಅದನ್ನು ತಿರುವುಮುರುವು ಮಾಡಿದೆ. ದಮ್ಮಡಿಯನ್ನು ಬಲ ಮುಂಗೈಗೆ ಹಳೆಯ ಸೀರೆಯ ಅಂಚಿನಿಂದ ಬಿಗಿದು, ಹಲ್ಲಿನಿಂದ ಗಂಟು ಹಾಕಿ, ಎಡಗೈಯಿಂದ ಬಾರಿಸುವುದನ್ನು ಕೊಟ್ಟಿಗೆಯಲ್ಲಿ ಕಲಿತೆ. ಎಮ್ಮೆಗೆ ಬೇಸರವಾದರೂ ಎದ್ದು ಹೋಗುವ ಹಾಗಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಗುಡಿಗೆ ಹೋದೆ. ಎಲ್ಲರೂ ಗಾಯದ ಬಗ್ಗೆ ವಿಚಾರಿಸಿದರು, ಕೈಯನ್ನು ಮಾತ್ರ ನೋಡಲಿಲ್ಲ. ನಾನು ದಮ್ಮಡಿ ಕಟ್ಟಿಕೊಳ್ಳುವುದನ್ನು ಕಂಡು ಹಾರ್ಮೋನಿಯಂ ಪೇಟಿ ಬಾರಿಸುವ ಹಿರಿಯರು ಪೇಟಿ ನಿಲ್ಲಿಸಿದರು.

"ಅಕ್ಕಾರ, ದೇವರ ಮುಂದ ಎಡಗೈ ಆಡಸೂದು ಚಲೋ ಅಲ್ರಿ. ನೀವು ಬರೇ ಹಾಡ್ರಿ."

"ನಾ ಹಾಡೂದು ದೇವರಿಗೆ ಚಲೋ ಅನಸ್ತದೇನ್ರಿ?" ಎಂದೆ.

ನನ್ನ ದನಿ ಊರಿಗೇ ಗೊತ್ತು. ಹೆಂಗಸರು ನಕ್ಕರು. ಆದರೆ ಬಾರಿಸಲಿ ಬಿಡಿ ಎಂದು ಒಬ್ಬಳೂ ಅನ್ನಲಿಲ್ಲ. ಅಷ್ಟು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು. ಗುಡಿಯ ಇನ್ನೊಂದು ದಮ್ಮಡಿಯನ್ನು ಪಕ್ಕದ ಓಣಿಯ ಸೊಸೆಯೊಬ್ಬಳಿಗೆ ಕೊಟ್ಟರು.

ಮುಂದಿನ ಸೋಮವಾರ ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗೆ ಆ ಸೊಸೆ ತಾಳ ಓಡಿಸಿಕೊಂಡು ಬಾರಿಸುತ್ತಿದ್ದಳು; ಮುದುಕಿಯರಿಗೆ ಉಸಿರು ಸಾಲದೆ ಹಾಡು ನಡುವೆಯೇ ಮುರಿಯುತ್ತಿತ್ತು. ನಾನು ಹೊರಗಿನಿಂದ ನಿಧಾನವಾಗಿ ಬಾರಿಸಿದೆ. ಮೊದಲು ಎರಡೂ ದಮ್ಮಡಿ ಜಗಳವಾಡಿದವು. ಎರಡನೆಯ ಪದಕ್ಕೆ ಒಳಗಿನ ಹಾಡು ನನ್ನ ಬಡಿತಕ್ಕೆ ಬಂತು.

ಮುಗಿದ ಮೇಲೆ ಪೇಟಿಯವರು ಹೊರಗೆ ಬಂದರು.

"ಒಳಗ ಬರ್ರಿ ಅಕ್ಕಾರ. ಕಂಬದ ಹಿಂದ ಕುಂದ್ರಿ. ದೇವರಿಗೂ ಕಾಣೂದಿಲ್ಲ."

"ಕಳ್ಳರಂಗ ಬಾರಸೂದು ನನಗ ಬರೂದಿಲ್ರಿ ಅಣ್ಣಾರ. ಇಲ್ಲೇ ಕುಂದರ್ತೀನಿ."

ಅವರು ಒತ್ತಾಯ ಮಾಡಲಿಲ್ಲ. ಈಗ ಪ್ರತಿ ಸೋಮವಾರವೂ ಹಾಗೆಯೇ. ಪದ ಎತ್ತುವ ಮೊದಲು ಒಳಗಿನವರು ನನ್ನ ಬಡಿತಕ್ಕೆ ಕಾಯುತ್ತಾರೆ. ಮುಗಿದ ಮೇಲೆ ಪ್ರಸಾದ ತರುತ್ತಾರೆ. ಈ ಅರ್ಧ ಕೈಗೆ ಕೊಡಲು ಅಂಜಿ ಸೆರಗಿಗೆ ಹಾಕಿ ಹೋಗುತ್ತಾರೆ. ಮೊದಲೆಲ್ಲ ಭಜನೆ ಮುಗಿದರೆ ಮನೆಯ ತನಕ ಮಾತಾಡುತ್ತಲೇ ನಡೆಯುತ್ತಿದ್ದೆವು. ಈಗ ಅವರ ಮಾತು ತಿರುವು ದಾಟಿ ಕೇಳದಂತಾಗುವ ತನಕ ಕಟ್ಟೆಯ ಮೇಲೆಯೇ ಕೂತು, ಆಮೇಲೆ ಏಳುತ್ತೇನೆ.