ದೊಡ್ಡಪ್ಪನ ಗೋಡೆಯ ಮೇಲಿನ ರೋಮ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಮೊದಲ ಯುರೋಪ್ ಪ್ರವಾಸ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ, ಅದನ್ನು ಮುಚ್ಚಿಡುವ ಇಷ್ಟ ನನಗಿಲ್ಲ.

ಕಾಲೇಜು ಮುಗಿಸಿದ ಬೇಸಿಗೆಯಲ್ಲಿ ಸ್ನೇಹಿತೆಯರ ಜೊತೆ ಹೋಗುತ್ತೇನೆ ಎಂದಿದ್ದೆ. ಅಮೆರಿಕದ ಸ್ಯಾನ್ ರಮೋನಿನ ನಮ್ಮ ಮನೆಯಲ್ಲಿ ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸರಟೋಗಾದಲ್ಲಿರುವ ತಮ್ಮ ಅಣ್ಣನಿಗೆ ಫೋನು ಮಾಡಿದರು. ನೋಡನೋಡುತ್ತಿದ್ದಂತೆ ನನ್ನ ಪ್ರವಾಸ ದೊಡ್ಡಪ್ಪನ ಪ್ರವಾಸವಾಯಿತು. ಅವರು, ದೊಡ್ಡಮ್ಮ, ಅವರ ಮಗ, ಅಪ್ಪ, ಅಮ್ಮ, ನಾನು. ಜೊತೆಗೆ ಸೋನಾ ಮಸೂರಿ ಅಕ್ಕಿ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ ಮತ್ತು ಒಂದು ರೈಸ್ ಕುಕ್ಕರು.

ದೊಡ್ಡಪ್ಪ ಊರುಗಳನ್ನು ನೋಡುತ್ತಿರಲಿಲ್ಲ, ಕವರ್ ಮಾಡುತ್ತಿದ್ದರು. "ಪ್ಯಾರಿಸ್ಸು ಕವರ್ ಆಯ್ತು, ನಡೀರಿ" ಎಂದು ಸ್ಟೇಷನ್ನಿಗೆ ಹೊರಡಿಸುತ್ತಿದ್ದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಲುವೆಯ ದೋಣಿ ಹತ್ತಿ ಎಲ್ಲರೂ ತಲೆ ಬಗ್ಗಿಸಿಕೊಂಡು ಡಬ್ಬಿಯ ಚಿತ್ರಾನ್ನ ತಿಂದೆವು. ಅಷ್ಟು ಚಂದದ ಸೇತುವೆಗಳು ನಮ್ಮ ತಲೆಯ ಮೇಲಿಂದ ಸುಮ್ಮನೆ ಹಾದುಹೋದವು. ನಾನು ತಕರಾರು ಮಾಡಲಿಲ್ಲ. ಕೇಳಿದ್ದು ಒಂದನ್ನೇ, ರೋಮಿನಲ್ಲಿ ಒಂದು ಮಧ್ಯಾಹ್ನ.

ನಾನು ಓದಿದ್ದು ಆರ್ಕಿಟೆಕ್ಚರ್. ರೋಮಿನಲ್ಲಿ ಒಂದು ಹಳೆಯ ಗುಂಡು ಗುಡಿಯಿದೆ. ಕಿಟಕಿಯೇ ಇಲ್ಲ, ಗುಮ್ಮಟದ ನೆತ್ತಿಯಲ್ಲಿ ದೊಡ್ಡದೊಂದು ತೂತು. ಬೇಸಿಗೆಯ ಮಧ್ಯಾಹ್ನ ಬಿಸಿಲು ಅದರೊಳಗಿಂದ ತಟ್ಟೆಯ ಹಾಗೆ ನೆಲಕ್ಕಿಳಿದು ನಿಧಾನವಾಗಿ ಸರಿಯುತ್ತದೆ. ಕಾಲೇಜಿನಲ್ಲಿ ನಾನು ಅದರ ಮಾದರಿಯನ್ನು ರಟ್ಟಿನಲ್ಲಿ ಮಾಡಿ, ಮೇಲಿಂದ ಟಾರ್ಚು ಹಿಡಿದು ನೋಡಿದ್ದೆ. ನಿಜವಾದ ಆ ಬೆಳಕಿನಲ್ಲಿ ಒಮ್ಮೆ ನಿಲ್ಲಬೇಕಿತ್ತು, ಅಷ್ಟೇ. ದೊಡ್ಡಪ್ಪ ದೊಡ್ಡ ಮನಸ್ಸು ಮಾಡಿ ಕೊನೆಯ ದಿನವನ್ನು ಅದಕ್ಕೆ ಬಿಟ್ಟುಕೊಟ್ಟರು.

ಅವತ್ತು ಬೆಳಿಗ್ಗೆ ದೊಡ್ಡಮ್ಮ ಕುಕ್ಕರು ಹೊರಗೆ ತೆಗೆದರು. ಅಲ್ಲಿಯವರೆಗೆ ಒಲೆಯ ಮೇಲೇ ಅನ್ನವಾಗುತ್ತಿದ್ದುದರಿಂದ ಅದು ಸೂಟ್‌ಕೇಸಿನಲ್ಲೇ ಇತ್ತು. ರೋಮಿನ ಬಾಡಿಗೆ ಮನೆಯಲ್ಲಿದ್ದದ್ದು ಒಂದೇ ಒಲೆ, ಅದರ ಮೇಲೆ ಸಾರು ಕುದಿಯುತ್ತಿತ್ತು. ದೊಡ್ಡಪ್ಪ ಕುಕ್ಕರಿನ ವೈರಿಗೆ ಅಡಾಪ್ಟರು ಸಿಕ್ಕಿಸಿದರು.

"ದೊಡ್ಡಪ್ಪ, ಅದು ಅಮೆರಿಕದ ಕುಕ್ಕರು. ಇಲ್ಲಿ ಕರೆಂಟು ಡಬಲ್ಲು, ಸುಟ್ಟುಹೋಗತ್ತೆ" ಎಂದೆ.

"ನಿನ್ನ ಫೋನು ಚಾರ್ಜ್ ಆಗ್ತಿಲ್ವಾ? ಅದೇ ಅಡಾಪ್ಟರ್ರೇ ಇದು. ಇಷ್ಟು ವರ್ಷ ಚಿಪ್ ಡಿಸೈನ್ ಮಾಡ್ದೋನಿಗೆ ಕರೆಂಟಿನ ಪಾಠ ಹೇಳ್ತೀಯಾ?"

ಫೋನಿನ ಚಾರ್ಜರು ಎಲ್ಲ ದೇಶದ ಕರೆಂಟನ್ನೂ ತಡೆಯುತ್ತದೆ, ಕುಕ್ಕರು ತಡೆಯುವುದಿಲ್ಲ ಎಂದು ಇನ್ನೊಮ್ಮೆ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಅವರು ಸ್ವಿಚ್ಚು ಒತ್ತಿದರು. ಠಪ್ ಎಂದು ಸದ್ದಾಯಿತು, ಗೋಡೆಯ ಪ್ಲಗ್ಗಿನಿಂದ ಹೊಗೆ ಎದ್ದಿತು, ಇಡೀ ಕಟ್ಟಡದ ಕರೆಂಟು ಹೋಯಿತು. ಮನೆಯೊಡತಿ ಓಡಿಬಂದು ಇಟಾಲಿಯನ್ನಿನಲ್ಲಿ ಬೈದರು. ಒಂದಕ್ಷರವೂ ತಿಳಿಯದಿದ್ದರೂ ಆಕೆಯ ಒಂದೊಂದು ಮಾತೂ ನನಗೆ ಒಪ್ಪಿಗೆಯಾಯಿತು.

ಎಲೆಕ್ಟ್ರಿಷಿಯನ್ ಬರುವುದು ತಡವಾಗುತ್ತದೆ ಎಂದು ಗೊತ್ತಾಯಿತು. ಅವನು ಬಂದು, ರಿಪೇರಿಯ ದುಡ್ಡು ಕೊಡುವವರೆಗೆ ದೊಡ್ಡಪ್ಪ ಹೊರಡುವಂತಿರಲಿಲ್ಲ. ಗುಡಿ ಅಲ್ಲಿಂದ ಕಾಲ್ನಡಿಗೆಯ ದೂರ. ನಾನೊಬ್ಬಳೇ ಹೋಗಿಬರುತ್ತೇನೆ ಎಂದೆ.

"ಗೊತ್ತಿಲ್ಲದ ಊರು, ಹೆಣ್ಣುಹುಡುಗಿ. ಒಟ್ಟಿಗೆ ಬಂದಿದೀವಿ, ಒಟ್ಟಿಗೇ ಹೋಗೋಣ" ಎಂದರು ದೊಡ್ಡಪ್ಪ.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಸುಟ್ಟ ಕುಕ್ಕರನ್ನು ನೋಡುತ್ತಿದ್ದರು. ಇಂಟರ್ನ್‌ಶಿಪ್ಪಿಗೆಂದು ಪಾಲೋ ಆಲ್ಟೋಗೆ ಫ್ರೀವೇಯಲ್ಲಿ ದಿನಾ ಒಬ್ಬಳೇ ಕಾರು ಓಡಿಸಿದ್ದ ನನಗೆ ಎರಡು ಬೀದಿ ದಾಟಲು ಅಪ್ಪಣೆ ಸಿಗಲಿಲ್ಲ. ಅಣ್ಣನ ಮೇಲೆ ಗೌರವವಂತೆ. ಹೆದರಿಕೆಗೆ ಗೌರವ ಎಂದು ಹೆಸರಿಟ್ಟರೆ ಅದೇನು ಬೇರೆಯಾಗುತ್ತದೆಯೇ? ನಾನು ಕದ ತೆಗೆದು ಹೋಗಿಬಿಡಬಹುದಿತ್ತು. ಅಮ್ಮ ನನ್ನ ಕೈ ಹಿಡಿದುಕೊಂಡಿದ್ದರು.

ಗುಡಿಯ ಮುಂದೆ ಹೋಗಿ ನಿಂತಾಗ ಮಧ್ಯಾಹ್ನ ಯಾವಾಗಲೋ ಕಳೆದಿತ್ತು. ಒಳಗೆ ಹೋಗಲು ಉದ್ದನೆಯ ಸಾಲು, ಏರ್‌ಪೋರ್ಟಿನ ಟ್ಯಾಕ್ಸಿ ಪಕ್ಕದ ರಸ್ತೆಯಲ್ಲಿ ಕಾಯುತ್ತಿತ್ತು. "ಹೊರಗಿಂದ ನೋಡಾಯ್ತಲ್ಲ. ಒಂದು ಫೋಟೋ ಹೊಡೆದ್ರೆ ರೋಮೂ ಕವರ್ ಆಯ್ತು" ಎಂದು ದೊಡ್ಡಪ್ಪ ದಾರಿಹೋಕರೊಬ್ಬರ ಕೈಗೆ ಫೋನು ಕೊಟ್ಟರು. ಎಲ್ಲರೂ ನಕ್ಕರು. ನಾನು ಹಿಂದಕ್ಕೆ ತಿರುಗಿದೆ. ಕಂಬಗಳ ನಡುವೆ ಬಾಗಿಲು ತೆರೆದಿತ್ತು. ಒಳಗಿನ ಕತ್ತಲಲ್ಲಿ, ದೂರದ ಗೋಡೆಯ ಮೇಲೆ, ಒಂದಿಷ್ಟು ಬೆಳಕು. ಫೋಟೋ ಕ್ಲಿಕ್ಕಾಗುವಷ್ಟು ಹೊತ್ತು ನೋಡಿದೆ. ಆಮೇಲೆ ದೊಡ್ಡಮ್ಮ ಭುಜ ಹಿಡಿದು ಟ್ಯಾಕ್ಸಿಯ ಕಡೆ ನಡೆಸಿದರು.

ಈ ಯುಗಾದಿಗೆ ಸರಟೋಗಾದ ದೊಡ್ಡಪ್ಪನ ಮನೆಗೆ ಊಟಕ್ಕೆ ಹೋದೆ. ಆ ಫೋಟೋ ದೊಡ್ಡದಾಗಿ ಗೋಡೆ ಏರಿತ್ತು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹಲ್ಲು ಕಿರಿದುಕೊಂಡು, ಗುಡಿಗೆ ಬೆನ್ನು ಹಾಕಿ.

"ನೀನೊಬ್ಳು ಮುಖ ತಿರುಗಿಸ್ಕೊಂಡು ಫೋಟೋ ಕೆಡಿಸಿದ್ದೆ. ಮಗನಿಗೆ ಹೇಳಿ ಎಐನಲ್ಲಿ ಸರಿ ಮಾಡಿಸ್ದೆ. ನಿನ್ನ ಗ್ರಾಜುಯೇಷನ್ನಿನ ಮುಖ ಅದು. ಹೆಂಗಿದೆ?" ಎಂದರು ದೊಡ್ಡಪ್ಪ. ನಿಜಕ್ಕೂ ಹೆಮ್ಮೆಯಿಂದ.

ಅವರ ಮಗ ನೆಲ ನೋಡುತ್ತಾ, "ಸಾರಿ, ಡ್ಯಾಡ್ ಆಸ್ಕ್ಡ್ ಮಿ" ಎಂದ.

"ದೊಡ್ಡಪ್ಪ, ನಾನು ಮುಖ ತಿರುಗಿಸಿರಲಿಲ್ಲ. ನೋಡ್ತಾ ಇದ್ದೆ. ನಂಗೆ ಸಿಕ್ಕಿದ್ದೇ ಅಷ್ಟು. ಅದನ್ನೂ ಅಳಿಸಿಬಿಟ್ರಲ್ಲ!" ನನ್ನ ದನಿ ಏರಿತು.

"ಹಬ್ಬದ ದಿನ, ಬಿಡಮ್ಮ" ಎಂದರು ಅಪ್ಪ.

ಅಪ್ಪ ಹಾಗೆಂದದ್ದಕ್ಕೇ ನಾನು ಬಿಡಲಿಲ್ಲ. ಹಬ್ಬದ ಮನೆಯಿಂದ ಉಣ್ಣದೆ ಹೋಗಬಾರದು ಎಂದು ದೊಡ್ಡಮ್ಮ ಹೋಳಿಗೆ ಹಿಡಿದುಕೊಂಡು ಬಾಗಿಲವರೆಗೂ ಬಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ಮನೆ ತಲುಪಿ ಕಾರು ನಿಲ್ಲಿಸುವಷ್ಟರಲ್ಲಿ ಫೋನಿಗೆ ಫ್ಯಾಮಿಲಿ ಗ್ರೂಪಿನ ಫೋಟೋ ಬಂದಿತ್ತು. ಯುಗಾದಿ ಊಟದ ಮೇಜಿನ ಸುತ್ತ ಎಲ್ಲರೂ ಇದ್ದರು. ಕೊನೆಯಲ್ಲಿ, ಅಪ್ಪನ ಪಕ್ಕ, ನಾನೂ ಇದ್ದೆ. ನಗುತ್ತಿದ್ದೆ.