ಷಡ್ಡಕನ ಜಾಡಿಗೆ ಬಿದ್ದ ಮಜ್ಜಿಗೆ

೧೯೮೧ರ ಏಪ್ರಿಲ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ, ನಾನು ನ್ಯಾಮತಿಯಲ್ಲಿ ನನ್ನ ಷಡ್ಡಕನ ಅಡುಗೆಮನೆಯಲ್ಲಿ ನಿಂತಿದ್ದೆ. ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹಿತ್ತಿಲ ಬಾಗಿಲು ನನ್ನ ಬೆನ್ನಿಗಿತ್ತು, ತೆರೆದಿತ್ತು. ಬೆಳಕು ಚೆನ್ನಾಗಿತ್ತು.

ನಾವಿಬ್ಬರೂ ಮನೆಯಲ್ಲಿ ಬಿಯರ್ ಮಾಡುತ್ತಿದ್ದೆವು. ಕಲಿಸಿದವರು ಮಿಲಿಟರಿಯಿಂದ ನಿವೃತ್ತರಾಗಿ ಹೊನ್ನಾಳಿಯಲ್ಲಿದ್ದ ನಮ್ಮ ಮಾವ. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಬೀಸಿ, ಬಿಸಿನೀರಲ್ಲಿ ನೆನೆಸಿ, ಸೋಸಿ, ಕುದಿಸಿ, ಬೇಕರಿಯ ಈಸ್ಟ್ ಬೆರೆಸಿ ಜಾಡಿಯ ಬಾಯಿ ಕಟ್ಟಿಡುವುದು. ಮೇ ತಿಂಗಳಲ್ಲಿ ಅವರ ಹಳೆಯ ಮಿಲಿಟರಿ ಗೆಳೆಯರು ಬರುವವರಿದ್ದರು. ಯಾವ ಅಳಿಯನ ಬಿಯರನ್ನು ಅವರ ಮುಂದಿಡಬೇಕೆಂದು ಮಾವ ರುಚಿ ನೋಡಿ ಹೇಳುವವರಿದ್ದರು.

ನನ್ನದು ಮೂರು ಸಲವೂ ಕೆಟ್ಟಿತ್ತು. ಕೊಳೆತ ಬಾಳೆಹಣ್ಣಿನ ವಾಸನೆ, ಮೇಲೆ ಪೇಂಟಿನ ಘಾಟು. "ಇದನ್ನ ಬಾಗಿಲಿಗೆ ಹಚ್ಚಾಕೆ ಮಾಡೀಯೇನಪ್ಪ?" ಎಂದಿದ್ದರು ಮಾವ. ಷಡ್ಡಕನದನ್ನು ಮಾತ್ರ ಕಣ್ಣು ಮುಚ್ಚಿ ಕುಡಿದಿದ್ದರು. ಹಿರಿಯ ಅಳಿಯ ನಾನು. ಆ ಮುಚ್ಚಿದ ಕಣ್ಣು ವಾರಗಟ್ಟಲೆ ನನ್ನ ಹೊಟ್ಟೆ ಉರಿಸಿತು.

ಆ ಭಾನುವಾರ ಅವನೇ ವಿಚಾರಿಸಿದ.

"ಈಸ್ಟ್ ಯಾವಾಗ ಹಾಕ್ತೀರಣ್ಣ?"

"ಉಗುರು ಬೆಚ್ಚಗಿದ್ದಾಗ. ಹಾಲಿಗೆ ಹೆಪ್ಪು ಹಾಕಿದಂಗೆ."

"ಆಮೇಲೆ?"

"ಒಲೆ ಪಕ್ಕ ಇಟ್ಟು ಕಂಬಳಿ ಹೊದಿಸ್ತೀನಿ."

ಅವನು ನಕ್ಕುಬಿಟ್ಟ. "ಮೊಸರು ಮಾಡಾಕೆ ಹೊಂಟೀರಲ್ಲಣ್ಣ. ಸೆಕೆ ಆದ್ರೆ ಈಸ್ಟಿಗೆ ಹುಚ್ಚು ಹಿಡೀತೈತೆ, ಅದಕ್ಕೇ ಆ ವಾಸನೆ. ಪೂರ್ತಿ ತಣ್ಣಗಾದ್ಮೇಲೆ ಹಾಕ್ರಿ. ಜಾಡಿಗೆ ಒದ್ದೆ ಗೋಣಿ ಸುತ್ತಿ ನೀರಿನ ತೊಟ್ಟೀಲಿ ಇಡ್ರಿ."

ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ಅವನನ್ನು ದ್ವೇಷಿಸುವುದು ನನಗೆ ಸುಲಭವಾಗುತ್ತಿತ್ತು.

ಅವನು ಬೀಡಿ ತರಲು ಅಂಗಡಿಗೆ ಹೋದ. ನಾನು ಅಡುಗೆಮನೆ ಮೂಲೆಯ ನೀರಿನ ತೊಟ್ಟಿಯಲ್ಲಿದ್ದ ಅವನ ಜಾಡಿಯ ಬಾಯಿಬಟ್ಟೆ ಬಿಚ್ಚಿ ಮೂಸಿದೆ. ಈಸ್ಟ್ ಹಾಕಿ ಎರಡು ದಿನವಾಗಿತ್ತು. ಬೇಯಿಸಿದ ರಾಗಿಯ ಹಿತವಾದ ವಾಸನೆ, ಬೇರೇನೂ ಇಲ್ಲ. ಪಕ್ಕದಲ್ಲಿ ಮಜ್ಜಿಗೆಯ ಪಾತ್ರೆ, ಅದರಲ್ಲೇ ಸೌಟು. ಒಂದು ಸೌಟು ಮಜ್ಜಿಗೆ ಎತ್ತಿ ಜಾಡಿಗೆ ಸುರಿದೆ. ಬಟ್ಟೆಯನ್ನು ಮೊದಲಿದ್ದಂತೆಯೇ ಕಟ್ಟಿದೆ. ತಿರುಗಿದಾಗ ಹಿತ್ತಿಲ ಬಾಗಿಲಲ್ಲಿ ಅವನ ಹೆಂಡತಿ, ನನ್ನ ನಾದಿನಿ; ಸೊಂಟದ ಮೇಲೆ ಒಗೆದ ಬಟ್ಟೆಯ ಬುಟ್ಟಿ. ಸೌಟು ಇನ್ನೂ ನನ್ನ ಕೈಯಲ್ಲಿತ್ತು. ಆಕೆ ಅದನ್ನು ನೋಡಿದಳು.

"ಕಾಫಿ ಇಡ್ಲಾ ಭಾವ?" ಎಂದಳು.

ಹನ್ನೆರಡು ದಿನದ ಮೇಲೆ ಹೊನ್ನಾಳಿಯಲ್ಲಿ ಎಲ್ಲರೂ ಸೇರಿದೆವು. ಮಾವ ಮೊದಲು ಷಡ್ಡಕನದನ್ನು ಬಾಯಿಗಿಟ್ಟರು. "ಹುಳಿ ಐತಲ್ಲೋ." ಅವನೂ ಕುಡಿದು ನೋಡಿ, ಎಲ್ಲರೆದುರಿಗೇ ಹೆಂಡತಿಯತ್ತ ತಿರುಗಿದ.

"ಮಜ್ಜಿಗೆ ಸೌಟು ಇದಕ್ಕೆ ಹಾಕೀಯ. ಎಷ್ಟು ಸಲ ಹೇಳೀನಿ ನಿಂಗೆ? ಮನೇಲಿ ಗಮನ ಐತೋ ಇಲ್ವೋ?"

ಆಕೆ ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡಲಿಲ್ಲ. "ಹೂಂ ರೀ. ತಪ್ಪಾತು."

ನಾನು ನನ್ನ ಜಾಡಿಯನ್ನು ಮಾವನ ಮುಂದೆ ಸರಿಸಿದೆ. ಅವನು ಹೇಳಿಕೊಟ್ಟಂತೆ ತಣ್ಣಗೆ ಮಾಡಿದ್ದ ನನ್ನ ಬಿಯರನ್ನು ಮಾವ ಕುಡಿದು, "ಇದೇ ಇರ್ಲಿ" ಎಂದರು. ಷಡ್ಡಕ ನನ್ನ ಬೆನ್ನು ತಟ್ಟಿದ.

ಎಷ್ಟೋ ವರ್ಷಗಳ ಮೇಲೆ ಷಡ್ಡಕ ತೀರಿಕೊಂಡ. ಮಾವ ಅದಕ್ಕೂ ಮೊದಲೇ ಹೋದರು. ಇಬ್ಬರಿಗೂ ನಾನು ಹೇಳಲಿಲ್ಲ. ಕಂಡವಳು ನನ್ನ ನಾದಿನಿಯೊಬ್ಬಳೇ. ಆಕೆ ಬದುಕಿದ್ದಾಳೆ, ನ್ಯಾಮತಿಯಲ್ಲೇ ಇದ್ದಾಳೆ.