ಒಳಗೆ ಹೋದದ್ದು ರುಮಾಲು ಮಾತ್ರ

ಆ ಬೆಳಿಗ್ಗೆ ಏರ್‌ಪೋರ್ಟಿನ ಬಾಗಿಲಲ್ಲಿ ಕಾವಲಿನ ಜವಾನ ನನ್ನ ಕೊರಳಿನ ಪಾಸಿಗೆ ಕೈ ಹಾಕಿದಾಗ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಹಳೇ ಪರಿಚಯದ ಮನುಷ್ಯ, ನನ್ನನ್ನು 'ಕರ್ನಾಟಕ' ಎಂದೇ ಕರೆಯುತ್ತಿದ್ದ. ಆದರೆ ಅವನು ನಗಲಿಲ್ಲ. ಪಾಸು ತೆಗೆದಿಟ್ಟುಕೊಂಡು, ನನ್ನ ಪಕ್ಕದಲ್ಲಿದ್ದ ನಮ್ಮ ಸಾಹೇಬರ ಕಡೆಗೂ ಕೈ ಚಾಚಿದ.

"ಆರ್ಡರ್ ಆಯಾ ಹೈ. ಫಾರಿನ್ ಆಫೀಸ್‌ವಾಲೇ ಸಬ್ ಬಾಹರ್."

ಪರದೇಶದ ಕಚೇರಿಗಳವರು ಯಾರೂ ಇನ್ನು ಒಳಗೆ ಹೋಗುವಂತಿಲ್ಲವಂತೆ. ನನಗೆ ಸಿಟ್ಟು ಬಂತು. "ಮೈ ಕಿಧರ್ ಕಾ ಫಾರಿನ್? ಬೀದರ್ ಕಾ ಆದ್ಮೀ ಹೂಂ" ಎಂದೆ.

"ಆದ್ಮೀ ಬೀದರ್ ಕಾ. ಪಾಸ್ ತೋ ಉನೋಕಾ ಹೈ ನಾ?"

ಮನುಷ್ಯ ಬೀದರಿನವನೇ, ಪಾಸು ಅವರದ್ದು! ನನಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಅದು ನನ್ನದು ಎಂದೇ ತಿಳಿದಿದ್ದೆ.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಲಾರಿ ತೊಳೆದು, ಆಮೇಲೆ ಅದೇ ಲಾರಿ ಓಡಿಸಿ, ಹೈದರಾಬಾದಿಗೆ ಬಂದು ಒಂದು ಪರದೇಶದ ಕಾನ್ಸುಲೇಟ್ ಕಚೇರಿಯಲ್ಲಿ ಡ್ರೈವರ್ ಆದೆ. ಆ ದೇಶದ ಅತಿಥಿಗಳು ಬಂದರೆ ಸಾಹೇಬರ ಜೊತೆ ವಿಮಾನದ ಬಾಗಿಲ ತನಕ ಹೋಗಿ ಬರಮಾಡಿಕೊಳ್ಳುವುದೂ ನನ್ನ ಕೆಲಸ. ಕೆಲಸಕ್ಕೆ ಸೇರಿದ ದಿನ ತಲೆಗೆ ಟೊಪ್ಪಿಗೆ ಕೊಟ್ಟಿದ್ದರು; ಒಲ್ಲೆ ಎಂದೆ. ನನ್ನ ತಲೆಯ ಮೇಲೆ ಅಪ್ಪನ ಹಳದಿ ರುಮಾಲು ಇತ್ತು. ತಂದೆ ತೀರಿದ ಮೇಲೆ ಬಂಧುಬಳಗ ಕೂಡಿ ಅವನ ರುಮಾಲನ್ನು ಹಿರಿಮಗನಿಗೆ ಕಟ್ಟುವುದು ನಮ್ಮ ಮನೆತನದ ಪದ್ಧತಿ. ಕಟ್ಟಿದ ಮೇಲೆ ನಾಲ್ಕು ಜನರೆದುರು ಅದನ್ನು ಬಿಚ್ಚುವುದು ಯಾರಾದರೂ ಸತ್ತಾಗ ಮಾತ್ರ.

ಆ ದಿನ ಬರುತ್ತಿದ್ದವರು ಸಾಹೇಬರ ತಾಯಿ. ಪ್ರತಿ ಚಳಿಗಾಲ ಮಗನ ಹತ್ತಿರ ಬರುತ್ತಿದ್ದ ಮುದುಕಿ. ತನ್ನ ದೇಶದ ಭಾಷೆ ಬಿಟ್ಟರೆ ಬೇರೊಂದು ಅಕ್ಷರ ಬಾರದು. ಮೊದಲ ಸಲ ವಿಮಾನದಿಂದ ಇಳಿದಾಗ ಕಂಗಾಲಾಗಿ ನಿಂತಿದ್ದಳು. ನನ್ನ ರುಮಾಲು ನೋಡಿ ನಕ್ಕಳು. ಬೆನ್ನ ಮೇಲೆ ಇಳಿಬಿಟ್ಟ ಅದರ ಚುಂಗನ್ನು, ಕೂಸು ತಾಯಿಯ ಸೆರಗು ಹಿಡಿದ ಹಾಗೆ ಹಿಡಿದು, ಕಾರಿನವರೆಗೂ ನಡೆದು ಬಂದಳು. ಆಮೇಲಿನ ವರ್ಷಗಳಲ್ಲೂ ಹಾಗೆಯೇ. ಈ ಸಲ ಮಾತ್ರ ದಾರಿಯುದ್ದಕ್ಕೂ ಸಾಹೇಬರ ಮುಖ ಬಾಡಿತ್ತು. ತಾಯಿಗೆ ಮರೆವಿನ ಕಾಯಿಲೆ ಬಲಿತಿದೆ, ಗುರುತಿಲ್ಲದವರು ಮುಟ್ಟಿದರೆ ಹೆದರಿ ಚೀರುತ್ತಾಳೆ ಎಂದು ಮುರುಕು ಹಿಂದಿಯಲ್ಲಿ ಹೇಳಿದ್ದರು. "ನೀನು ಮುಂದೆ ಹೋಗು. ನಿನ್ನನ್ನು ಅಮ್ಮ ಮರೆಯುವುದಿಲ್ಲ." ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ ಎಂದರೆ ಏರ್‌ಪೋರ್ಟಿರುವ ಶಂಷಾಬಾದ್ ಬಂದದ್ದೇ ತಿಳಿಯಲಿಲ್ಲ.

ಈಗ ಇಬ್ಬರೂ ಹೊರಗೆ. ಸಾಹೇಬರು ಕಾರ್ಡು ತೋರಿಸಿದರು, ಫೋನು ಮಾಡಿದರು, ಕೊನೆಗೆ ಕೈಯನ್ನೂ ಮುಗಿದರು. ಎರಡು ಸರ್ಕಾರಗಳ ನಡುವೆ ಏನೋ ಬಿಗಿದುಕೊಂಡಿದೆ ಎಂದಷ್ಟೇ ಗೊತ್ತಾಯಿತು. ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದೇ ಬಾಗಿಲಲ್ಲಿ ಸಲಾಮು ಹೊಡೆಸಿಕೊಳ್ಳುತ್ತಿದ್ದ ಸಾಹೇಬರು, ಹೆಸರು ಬರೆದ ಹಲಗೆ ಹಿಡಿದವರ ನಡುವೆ, ಕಂಬಿಗೆ ಎದೆಯೊತ್ತಿ ನಿಂತುಬಿಟ್ಟರು. ಟ್ಯಾಕ್ಸಿಯವನೊಬ್ಬ ನನ್ನ ಭುಜ ತಟ್ಟಿ, ನೀನೂ ಇವತ್ತು ನಮ್ಮ ಸಮಕ್ಕೇ ಬಂದೆಯಲ್ಲ ಎಂಬ ಧಾಟಿಯಲ್ಲಿ, "ಕ್ಯಾ ಮಿಯಾಂ, ಆಜ್ ಹಮಾರೇ ಬರಾಬರ್?" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಸಿಗುತ್ತಿತ್ತು.

ವಿಮಾನ ಇಳಿಯಿತು. ಜನರೆಲ್ಲ ಹೊರಗೆ ಬಂದು ಹೋದರು. ಮುದುಕಿ ಬರಲಿಲ್ಲ. ನನ್ನ ಫೋನು ರಿಂಗಾಯಿತು. ಗಾಲಿಕುರ್ಚಿ ತಳ್ಳುವ ನಮ್ಮ ಬಸವಕಲ್ಯಾಣದ ಗೆಳೆಯ. ಅವನೂ ನನ್ನ ವಾರಿಗೆಯವನೇ, ಒಳಗೆ ಹೋದಾಗಲೆಲ್ಲ ಕನ್ನಡ ಮಾತಾಡಲು ಸಿಗುತ್ತಿದ್ದ.

"ಎಲ್ಲಿ ಸತ್ತಿಯೋ ಮಾರಾಯಾ? ನಿಮ್ಮ ಸಾಹೇಬ್ರ ಅವ್ವ ವಿಮಾನದ ಬಾಗಲದಾಗ ಕುಂತಬಿಟ್ಟಾಳ. ಕುರ್ಚಿ ಮ್ಯಾಲೆ ಏರವಲ್ಲಳು, ಮುಟ್ಟಾಕ ಹ್ವಾದ್ರ ಚೀರತಾಳ. ಡಾಕ್ಟರ್ನ ಕರಸೂನು, ಸೂಜಿ ಕೊಡಸೂನು ಅನ್ನಾಕತ್ತಾರ."

"ನನ್ನ ಒಳಗ ಬಿಡವಲ್ರೋ."

"ನಿನ್ನ? ಬಿಡವಲ್ರು?" ಅವನಿಗೂ ನಂಬಿಕೆ ಬರಲಿಲ್ಲ. "ಮತ್ತ ಏನ್ ಮಾಡೂದು? ತಲಿ ಮ್ಯಾಲೆ ಹಿಂಗ ಗುಂಡಗ ಕೈ ತಿರುವಿ ತಿರುವಿ ಏನೋ ಕೇಳಾಕತ್ತಾಳ."

ತಲೆಯ ಮೇಲೆ ಗುಂಡಗೆ. ಆಕೆ ಕೇಳುತ್ತಿದ್ದದ್ದು ನನ್ನ ರುಮಾಲು ಎಂದು ನನಗೆ ತಿಳಿಯಿತು. ಸಾಹೇಬರಿಗೆ ಹೇಳಿದೆ. ಅವರು ನನ್ನ ತಲೆ ನೋಡಿದರು, ಬಾಯಿ ತೆರೆದರು, ಆದರೆ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಕೊಡುತ್ತಿರಲಿಲ್ಲ.

"ನೀ ಬಾಗಲಕ್ಕ ಬಾ" ಎಂದು ಗೆಳೆಯನಿಗೆ ಹೇಳಿ, ಅಷ್ಟು ಜನರೆದುರು ರುಮಾಲು ತೆಗೆದೆ. ನೆತ್ತಿಗೆ ಗಾಳಿ ತಾಗಿತು. ಜವಾನ ಅದನ್ನು ಪೂರ್ತಿ ಬಿಚ್ಚಿ, ಮೊಳ ಮೊಳ ತಡವಿ, ಮಷೀನಿನಲ್ಲಿ ಹಾಯಿಸಿದ. ಅಪ್ಪನ ಮಡಿಕೆಗಳೆಲ್ಲ ಹೋಗಿ ಅದು ಬರೀ ಒಂದು ಬಟ್ಟೆಯಾಯಿತು. ಬಟ್ಟೆಗೆ ಅಡ್ಡಿಯಿಲ್ಲ ಎಂದ.

ಗೆಳೆಯ ಅದನ್ನು ಕೈಯಲ್ಲಿ ಹಿಡಿದು ಪೆಚ್ಚಾದ. "ಕಟ್ಟಾಕ ನನಗೆಲ್ಲಿ ಬರ್ತೈತೋ? ಮದುವ್ಯಾಗ ಮಾವ ಕಟ್ಟಿದ್ದ, ಅದೂ ಅಕ್ಷತಿ ಬೀಳೂದ್ರಾಗ ಬಿಚ್ಚಿತ್ತು."

"ಬಗ್ಗು."

ಅವನು ಕಂಬಿಯ ಒಳಗೆ, ನಾನು ಹೊರಗೆ. ಜವಾನ ಮುಖ ಆ ಕಡೆ ತಿರುಗಿಸಿದ. ಕಂಬಿಯ ಮೇಲಿಂದ ಕೈಚಾಚಿ ಅಪ್ಪನ ರುಮಾಲನ್ನು ಇನ್ನೊಬ್ಬನ ತಲೆಗೆ ಸುತ್ತಿದೆ. ನಾನಿನ್ನೂ ಬದುಕಿದ್ದೇನೆ, ನನ್ನ ಮಗನಿಗೆ ಕಟ್ಟಬೇಕಾದದ್ದನ್ನು ಯಾರಿಗೋ ಕಟ್ಟುತ್ತಿದ್ದೇನೆ ಎಂಬುದು ನೆನಪಾಯಿತು. ಕೊನೆಗೆ ಚುಂಗು ಉದ್ದ ಬಿಟ್ಟೆ. "ಇದನ್ನ ಆಕಿ ಕೈಯಾಗ ಕೊಡು" ಎಂದೆ.

ಅವರು ಹೊರಗೆ ಬಂದರು. ಮುದುಕಿ ಕುರ್ಚಿ ಏರಿರಲಿಲ್ಲ. ಚುಂಗು ಹಿಡಿದು ಅವನ ಹಿಂದೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದಳು, ಮುಖದಲ್ಲಿ ಹಳೇ ನಗೆ. ಸಾಹೇಬರು ಓಡಿಹೋಗಿ ತಮ್ಮ ಭಾಷೆಯಲ್ಲಿ ಕರೆದರು. ಆಕೆ ಹೋಟೆಲಿನ ಮಾಣಿಯನ್ನು ನೋಡುವಂತೆ ಮರ್ಯಾದೆಯಿಂದ ತಲೆಯಾಡಿಸಿದಳು. ನಾನು ಎದುರು ನಿಂತು ಕೈಮುಗಿದೆ. ಆಕೆಯ ಕಣ್ಣು ನನ್ನ ಬೋಳು ನೆತ್ತಿಯ ಮೇಲಿಂದ ಹಾದು ಹೋಯಿತು, ಕಂಬದ ಮೇಲಿಂದ ಹಾದ ಹಾಗೆ.

ನನ್ನನ್ನು ಮರೆಯುವುದಿಲ್ಲ ಎಂದಿದ್ದರಲ್ಲ ಸಾಹೇಬರು! ಗೆಳೆಯ ಮುಜುಗರದಿಂದ, "ತಗೋಪಾ ನಿಂದು" ಎಂದು ರುಮಾಲಿಗೆ ಕೈ ಹಾಕಿದ. ಆಕೆ ಹೌಹಾರಿ ಚುಂಗನ್ನು ಎರಡೂ ಕೈಯಿಂದ ಅವುಚಿಕೊಂಡಳು. "ಇರಲಿ, ನಡೀ" ಎಂದೆ. ಅವನು ಕಾರಿನವರೆಗೂ ಬಂದು ಆಕೆಯನ್ನು ಕೂರಿಸಿ, ಬಗ್ಗಿ ಮೆಲ್ಲಗೆ ರುಮಾಲಿನಿಂದ ತಲೆಯನ್ನು ಹೊರಗೆಳೆದುಕೊಂಡ. ರುಮಾಲು ಆಕೆಯ ಮಡಿಲಿಗೆ ಉದುರಿತು. ದಾರಿಯಲ್ಲಿ ಕನ್ನಡಿಯಲ್ಲಿ ನೋಡಿದೆ. ಸಾಹೇಬರು ರುಮಾಲಿನ ಇನ್ನೊಂದು ತುದಿ ಹಿಡಿದು, ತಾಯಿಯ ಮುಖವನ್ನೇ ನೋಡುತ್ತ ಕೂತಿದ್ದರು.

ದಿಲ್‌ಸುಖ್‌ನಗರದ ನಮ್ಮ ಮನೆಯ ಬಾಗಿಲು ತೆರೆದ ಹೆಂಡತಿ ನನ್ನ ತಲೆ ನೋಡಿ ಅಲ್ಲೇ ಗೋಡೆಗೆ ಒರಗಿದಳು.

"ಅಯ್ಯ ಶಿವನ! ಯಾರು ಹ್ವಾದ್ರ‍್ರೀ?"

"ಯಾರೂ ಹೋಗಿಲ್ಲ."

"ಮತ್ತ ಬೋಳು ತಲೀಲೇ ಬಂದೀರಿ? ರುಮಾಲೆಲ್ಲಿ?"

"ಒಬ್ಬ ಮುದುಕಿ ಕೈಯಾಗ ಐತಿ" ಎಂದೆ. "ಹಿಡಕೊಂಡು ಮಲಗಿಬಿಟ್ಟಳು. ಬಿಡಿಸಿಕೊಳ್ಳಾಕ ಆಗಲಿಲ್ಲ."